ಕಡಲಂಚಿನ ಕೆಂಗಣ್ಣು: ಅಕೇಶಿಯಾ ಸೈಕ್ಲಾಪ್ಸ್‌ನ ಹೆಸರು, ಹರಡುವಿಕೆ, ಬಳಕೆ

ಅಕೇಶಿಯಾ ಸೈಕ್ಲಾಪ್ಸ್ ಕುರಿತ ಅಧ್ಯಯನಗಳು ಎರಡು ಖಂಡಗಳಲ್ಲಿ ಹಂಚಿಹೋಗಿವೆ. ಆಸ್ಟ್ರೇಲಿಯದ ಸಸ್ಯವಿಜ್ಞಾನಿಗಳಿಗೆ ಅದು ತಮ್ಮ ತೀರದ ಒಂದು ಸಾಧಾರಣ ಪೊದೆ. ದಕ್ಷಿಣ ಆಫ್ರಿಕದವರಿಗೆ ಕಾಡುವ ಕಳೆ. ಎರಡನ್ನೂ ಒಟ್ಟಿಗೆ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಈ ಗಿಡ ಹರಡಿದ್ದು ಬೀಜದ ಬಲದಿಂದ. ಅದನ್ನು ಹಿಡಿತಕ್ಕೆ ತರುವ ಪ್ರಯತ್ನವೂ ಕೊನೆಗೆ ಬಂದು ನಿಂತದ್ದು ಬೀಜದ ಮೇಲೆಯೇ. ಹಾಗಾಗಲು ಕಾರಣ ಅದರ ಸೌದೆ ಎಂಬುದು ಈ ಲೇಖನದ ವಾದ.

ಇದರ ತವರು ನೈಋತ್ಯ ಆಸ್ಟ್ರೇಲಿಯದ ಕರಾವಳಿ. ಅಲ್ಲಿಂದ ಪೂರ್ವಕ್ಕೆ ದಕ್ಷಿಣ ಆಸ್ಟ್ರೇಲಿಯ ರಾಜ್ಯದ ತೀರದವರೆಗೂ ಮರಳುದಿಬ್ಬಗಳಲ್ಲಿ, ಸುಣ್ಣಕಲ್ಲಿನ ನೆಲದಲ್ಲಿ ಬೆಳೆಯುತ್ತದೆ. ಉಪ್ಪುಗಾಳಿಗೆ ನೇರವಾಗಿ ಒಡ್ಡಿಕೊಂಡ ಕಡೆ ನೆಲಕ್ಕೆ ಅಂಟಿದ ದುಂಡನೆಯ ಪೊದೆ. ಮರೆ ಸಿಕ್ಕಲ್ಲಿ ಸಣ್ಣ ಮರ. ನಾವು ಎಲೆ ಎನ್ನುವುದು ಇಲ್ಲಿ ಎಲೆಯಲ್ಲ, ಚಪ್ಪಟೆಯಾದ ಎಲೆತೊಟ್ಟು. ಸಸ್ಯಶಾಸ್ತ್ರದಲ್ಲಿ ಅದಕ್ಕೆ ಫಿಲ್ಲೋಡ್ ಎನ್ನುತ್ತಾರೆ. ಹೂಗಳು ಹಳದಿ ಬಣ್ಣದ ಪುಟ್ಟ ಚೆಂಡುಗಳು. ಪೂರ್ವ ತೀರದಲ್ಲಿ ಇದರಂತೆಯೇ ‘ಕರಾವಳಿ ವ್ಯಾಟಲ್’ ಎಂಬ ಊರುಹೆಸರು ಹೊತ್ತ ಅಕೇಶಿಯಾ ಸೊಫೊರೆಗೆ ಹೂವು ತೆನೆಯಾಗಿ ಬಿಡುತ್ತದೆ. ಎರಡನ್ನೂ ಬೇರ್ಪಡಿಸಲು ಇಷ್ಟು ಸಾಕು. ಇಂಥ ಹಂಚಿಕೊಂಡ ಊರುಹೆಸರನ್ನು ನೆಚ್ಚಿ ಬರೆದ ಟಿಪ್ಪಣಿಗಳಲ್ಲಿ ಎರಡು ಪ್ರಭೇದಗಳು ಕಲಸಿಹೋಗುವುದು ಸುಲಭ.

ಪ್ರಭೇದಕ್ಕೆ ಹೆಸರು ತಂದದ್ದು ಬೀಜ. ಕಪ್ಪು ಬೀಜದ ಸುತ್ತ ಅದರ ತೊಟ್ಟೇ ದಪ್ಪಗೆ ಬೆಳೆದು, ಕೆಂಪು ಇಲ್ಲವೆ ಕಿತ್ತಳೆ ಬಣ್ಣದ ಉಂಗುರವಾಗಿ ಎರಡು ಸುತ್ತು ಸುತ್ತಿಕೊಂಡಿರುತ್ತದೆ. ಸಿಪ್ಪೆ ಬಿರಿದು ಸುರುಳಿಗೊಂಡರೂ ಕಾಯಿ ಕೊಂಬೆಯಲ್ಲೇ ಉಳಿದು, ಬೀಜಗಳು ಕೆಂಗಣ್ಣು ಬಿಟ್ಟು ನೋಡುವಂತೆ ತೋರುತ್ತವೆ. ಗ್ರೀಕ್ ಪುರಾಣದ ಒಕ್ಕಣ್ಣಿನ ದೈತ್ಯ ನೆನಪಾದದ್ದು ಹೀಗೆ. ಹೆಸರು ಇಟ್ಟವನು ಅಲನ್ ಕನಿಂಗ್‌ಹ್ಯಾಮ್. ಫಿಲಿಪ್ ಪಾರ್ಕರ್ ಕಿಂಗ್‌ನ ಕರಾವಳಿ ಸಮೀಕ್ಷೆಯ ಹಡಗಿನಲ್ಲಿ ಸಸ್ಯ ಸಂಗ್ರಾಹಕನಾಗಿ ಹೋದವನು. ಆದರೆ ಅದನ್ನು ವಿವರಣೆಯೊಡನೆ 1832ರಲ್ಲಿ ಅಚ್ಚು ಹಾಕಿಸಿದವನು ಜಾರ್ಜ್ ಡಾನ್. ಹಾಗಾಗಿ ಶಾಸ್ತ್ರೀಯ ಹೆಸರಿನ ಹಿಂದೆ ಇಬ್ಬರ ಹೆಸರೂ ನಿಲ್ಲುತ್ತವೆ.

ಕುಲದ ಹೆಸರಿನ ತಕರಾರು ಇದಕ್ಕಿಂತ ದೊಡ್ಡದು, ಮತ್ತು ಅದು ನಮ್ಮ ಕರಿಜಾಲಿಯವರೆಗೂ ಬಂದು ಮುಟ್ಟುತ್ತದೆ. ಫಿಲಿಪ್ ಮಿಲ್ಲರ್ 1754ರಲ್ಲಿ ಅಕೇಶಿಯಾ ಎಂಬ ಕುಲವನ್ನು ಸ್ಥಾಪಿಸಿದಾಗ ಅದರ ಕೇಂದ್ರದಲ್ಲಿದ್ದದ್ದು ಆಫ್ರಿಕ ಮತ್ತು ಏಷ್ಯಗಳ ಮುಳ್ಳಿನ ಮರ. ಕುಲವನ್ನು ಒಡೆಯಲೇಬೇಕೆಂದು ಖಚಿತವಾದ ಮೇಲೆ ಹಳೆಯ ಹೆಸರು ಯಾರ ಪಾಲಿಗೆ ಎಂಬ ಪ್ರಶ್ನೆ ಎದ್ದಿತು. 2005ರ ವಿಯೆನ್ನಾ ಸಸ್ಯವಿಜ್ಞಾನ ಸಮ್ಮೇಳನದಲ್ಲಿ ಆಸ್ಟ್ರೇಲಿಯದ ಪರವಾದ ಶಿಫಾರಸನ್ನು ವಿರೋಧಿಸಿ ಬಿದ್ದ ಮತ 54.9 ಪ್ರತಿಶತ. ಆದರೆ ಶಿಫಾರಸನ್ನು ತಳ್ಳಿಹಾಕಲು 60 ಬೇಕಿತ್ತು. ಬಹುಮತ ಸೋತ ಆ ನಿರ್ಣಯ 2011ರಲ್ಲಿ ಮೆಲ್ಬರ್ನ್‌ನಲ್ಲಿ ಗಟ್ಟಿಯಾಯಿತು. ಕರಿಜಾಲಿ ಈಗ ವಾಚೆಲಿಯಾ ನಿಲೋಟಿಕಾ. ಕಾಚಿನ ಮರ ಸೆನೆಗಾಲಿಯಾ ಕಟೆಚು. ಮತ ಬೇರೆ ಬಗೆಯಾಗಿದ್ದರೆ ನಮ್ಮ ಜಾಲಿಯ ಹೆಸರು ಉಳಿದು, ಈ ಪೊದೆ ರಾಕೊಸ್ಪರ್ಮಾ ಕುಲಕ್ಕೆ ಹೋಗುತ್ತಿತ್ತು. ಸಾವಿರದಷ್ಟು ಆಸ್ಟ್ರೇಲಿಯನ್ ಪ್ರಭೇದಗಳಿಗೆ ಹೊಸ ಹೆಸರು ಕೊಡುವ ತೊಂದರೆ ತಪ್ಪಿತೆಂಬುದು ವಾಸ್ತವವಾದ ಸಮರ್ಥನೆ. ಆದರೂ, ಮುಳ್ಳಿನಿಂದ ಹುಟ್ಟಿದ ಹೆಸರು ಬಹುಪಾಲು ಮುಳ್ಳಿಲ್ಲದ ಗಿಡಗಳಿಗೆ ಹೋದದ್ದು ವಿಚಿತ್ರವೇ ಸರಿ.

ತವರಿನ ನೂಂಗಾರ್ ಜನರು ಇದನ್ನು ವಿಲ್ಯಾವಾ ಎನ್ನುತ್ತಾರೆ. ಬೀಜವನ್ನು ಅರೆದು ಹಿಟ್ಟು ಮಾಡಿ ರೊಟ್ಟಿ ಸುಡುವುದು ಅವರ ಹಳೆಯ ಬಳಕೆಗಳಲ್ಲೊಂದು. ಗಿಡ ಕಡಲು ದಾಟಿದಾಗ ಈ ತಿಳಿವಳಿಕೆ ಅದರ ಜೊತೆ ಹೋಗಲಿಲ್ಲ. ವಸಾಹತು ಅಧಿಕಾರಿಗಳಿಗೆ ಬೇಕಿದ್ದದ್ದು ಬೇರು ಮಾತ್ರ.

ಕೇಪ್‌ಟೌನ್‌ನಿಂದ ಒಳನಾಡಿಗೆ ಹೋಗುವ ದಾರಿಯಲ್ಲಿ ಕೇಪ್ ಫ್ಲಾಟ್ಸ್ ಎಂಬ ಮರಳು ಬಯಲಿದೆ. ಅಲ್ಲಿನ ಪೊದೆಗಳನ್ನು ಉರುವಲಿಗೆ ಕಡಿದು, ದನ ಮೇಯಿಸಿ, ಮರಳು ಸಡಿಲಗೊಂಡು ಗಾಡಿದಾರಿಯ ಮೇಲೆ ಹಬ್ಬುತ್ತಿತ್ತು. 1840ರ ದಶಕದಲ್ಲಿ ವಸಾಹತು ಕಾರ್ಯದರ್ಶಿ ಜಾನ್ ಮಾಂಟೆಗು ಗಟ್ಟಿ ರಸ್ತೆ ಹಾಕಿಸಿದಾಗ ಮರಳನ್ನು ತಡೆಯಲು ಆಸ್ಟ್ರೇಲಿಯದ ವ್ಯಾಟಲ್‌ಗಳನ್ನು, ಅಂದರೆ ಅಲ್ಲಿನ ಅಕೇಶಿಯಾಗಳನ್ನು, ಬಿತ್ತಲಾಯಿತು. ಮುಂದೆ ಅದೇ ಉಪಾಯ ತೀರದುದ್ದಕ್ಕೂ ನಡೆಯಿತು. ನಮ್ಮಲ್ಲೂ ಅದೇ ಶತಮಾನದಲ್ಲಿ, 1868ರಲ್ಲಿ, ಕಾರವಾರದ ತೀರಕ್ಕೆ ಗಾಳಿಮರ ಬಂತು. ಅಲ್ಲಿ ಉದ್ದೇಶ ಸೌದೆ.

ಮರಳನ್ನು ತಡೆಯುವುದರಲ್ಲಿ ಗಿಡ ಸೋಲಲಿಲ್ಲ. ತೊಡಕು ಹುಟ್ಟಿದ್ದೇ ಆ ಗೆಲುವಿನಿಂದ. ದಕ್ಷಿಣ ಆಫ್ರಿಕದ ಸೇಂಟ್ ಫ್ರಾನ್ಸಿಸ್ ಕೊಲ್ಲಿಯ ಉದಾಹರಣೆ ಇದಕ್ಕೆ ಒಪ್ಪುತ್ತದೆ. ಅಲ್ಲಿ ಭೂಶಿರದ ಒಂದು ಬದಿಯ ಮರಳು ಗಾಳಿಗೆ ತೂರಿ, ನೆಲದ ಮೇಲೆಯೇ ಸಾಗಿ, ಇನ್ನೊಂದು ಬದಿಯ ಕಡಲತೀರವನ್ನು ಸೇರುತ್ತಿತ್ತು. ಮನೆ ಕಟ್ಟುವವರಿಗೆ ಚಲಿಸುವ ದಿಬ್ಬ ಬೇಡವಾಗಿತ್ತು. ದಿಬ್ಬವನ್ನು ಗಿಡ ನೆಟ್ಟು ನಿಲ್ಲಿಸಿದರು. ಮರಳಿನ ಪೂರೈಕೆ ನಿಂತ ಮೇಲೆ ಕೊಲ್ಲಿಯ ತೀರ ಸವೆಯತೊಡಗಿತು. ಚಲಿಸುವ ದಿಬ್ಬವನ್ನು ಕೆಟ್ಟ ನೆಲವೆಂದು ಎಣಿಸುವ ದೃಷ್ಟಿ ಕಡಲತೀರದ ಜಮಾಖರ್ಚಿನ ಒಂದೇ ಬದಿಯನ್ನು ಓದುತ್ತದೆ.

ನೆಟ್ಟ ಜಾಗದಿಂದ ಆಚೆಗೆ ಗಿಡವನ್ನು ಒಯ್ದವು ಹಕ್ಕಿಗಳು. ಬೀಜದ ಕೆಂಪು ಉಂಗುರದಲ್ಲಿ ಕೊಬ್ಬಿನ ಅಂಶ ಹೆಚ್ಚು. ಕೇಪ್‌ನ ಪಿಕಳಾರಗಳು, ಗೊರವಂಕದ ಬಳಗದ ಹಕ್ಕಿಗಳು ಅದನ್ನು ಬೀಜಸಹಿತ ನುಂಗಿ, ದೂರದ ಪೊದೆಗಳ ಮೇಲೆ ಕುಳಿತು ಹಿಕ್ಕೆ ಹಾಕುತ್ತವೆ. ಹಾಗಾಗಿ ಹೊಸ ಸಸಿ ಹುಟ್ಟುವುದು ಬಯಲಿನಲ್ಲಲ್ಲ, ಸ್ಥಳೀಯ ಪೊದೆಯ ಬುಡದಲ್ಲಿ; ಕೆಲವೇ ವರ್ಷಗಳಲ್ಲಿ ಆ ಪೊದೆಯನ್ನೇ ಮುಚ್ಚಿ ಬೆಳೆಯುತ್ತದೆ. ಫಿನ್‌ಬೋಸ್ ಎಂಬ ಅಪರೂಪದ ಕುರುಚಲು ಸಸ್ಯಸಮೂಹ ನೆಲ ಕಳೆದುಕೊಂಡದ್ದರಲ್ಲಿ ಈ ಗಿಡದ ಪಾಲೂ ಇದೆ. ಬೀಜ ಹೇಗೆ ಕಾಣುತ್ತದೆಂದು ತಿಳಿಯಲು ಕನ್ನಡ ಓದುಗರು ಕೇಪ್‌ಗೆ ಹೋಗಬೇಕಿಲ್ಲ. ನಮ್ಮ ಕರಾವಳಿ, ಮಲೆನಾಡುಗಳ ನೆಡುತೋಪಿನಲ್ಲಿರುವ ‘ಅಕೇಶಿಯಾ’, ಅಂದರೆ ಅಕೇಶಿಯಾ ಆರಿಕ್ಯುಲಿಫಾರ್ಮಿಸ್, ಇದರ ಬಂಧುವೇ. ಸುರುಳಿ ಕಾಯಿಯಿಂದ ಕಿತ್ತಳೆ ದಾರದಲ್ಲಿ ಜೋತುಬಿದ್ದ ಅದರ ಕರಿಬೀಜಗಳನ್ನು ನೋಡಿದರೆ ಸಾಕು.

ಆಫ್ರಿಕಾನ್ಸ್ ನುಡಿಯಲ್ಲಿ ಗಿಡಕ್ಕೆ ರೂಯ್‌ಕ್ರಾನ್ಸ್ ಎಂಬ ಹೆಸರು ಬಿತ್ತು. ಹೆಸರಿನೊಡನೆ ಮಾರುಕಟ್ಟೆಯೂ ಹುಟ್ಟಿತು. ಗಟ್ಟಿಯಾದ, ನಿಧಾನವಾಗಿ ಉರಿದು ಒಳ್ಳೆಯ ಕೆಂಡ ಬಿಡುವ ಈ ಸೌದೆ ‘ಬ್ರಾಯ್’ ಎಂಬ ಮಾಂಸ ಸುಡುವ ಕೂಟಕ್ಕೆ ಅಚ್ಚುಮೆಚ್ಚು. ರಸ್ತೆಬದಿಯಲ್ಲಿ ಕಟ್ಟು ಕಟ್ಟಿ ಮಾರುವವರ ಜೀವನ ಅದರ ಮೇಲಿದೆ; ಬಡವರ ಮನೆಯ ಒಲೆಯೂ ಅದರಿಂದಲೇ ಉರಿಯುತ್ತದೆ. ಮರವನ್ನೇ ಕೊಲ್ಲುವ ಕೀಟವನ್ನು ತರುವುದೆಂದರೆ ಇವರ ಗಳಿಕೆಯನ್ನು ಕೊಲ್ಲುವುದು. ಆದ್ದರಿಂದ ವಿಜ್ಞಾನಿಗಳು ಮರ ಉಳಿದು ಬೀಜ ಮಾತ್ರ ಕಡಿಮೆಯಾಗುವ ಹಾದಿಯನ್ನು ಹುಡುಕಿದರು. 1990ರ ದಶಕದಲ್ಲಿ ಆಸ್ಟ್ರೇಲಿಯದಿಂದ ತಂದು ಬಿಟ್ಟ ಮೆಲಾಂಟೀರಿಯಸ್ ಸರ್ವುಲಸ್ ಎಂಬ ಮೂತಿಹುಳು ಕಾಯಿಯೊಳಗಿನ ಬೀಜವನ್ನು ತಿನ್ನುತ್ತದೆ. ಈ ಶತಮಾನದ ಆರಂಭದಲ್ಲಿ ಬಂದ ಡಾಸಿನ್ಯೂರಾ ಡೀಲ್ಸಿ ಎಂಬ ಪುಟ್ಟ ನೊಣ ಹೂವನ್ನೇ ಗಂಟಾಗಿಸಿ ಕಾಯಿ ಕಟ್ಟದಂತೆ ಮಾಡುತ್ತದೆ. ನೊಣ ಬಹಳ ಬೇಗ ಹಬ್ಬಿತು.

ಕಡಿಯುವವರಿಗೂ ಗಿಡದ ಸ್ವಭಾವ ಅನುಕೂಲವಾಗಿದೆ. ಅದರ ಜೊತೆಯಲ್ಲೇ ಬಂದ ಅಕೇಶಿಯಾ ಸಾಲಿಗ್ನಾ ಕಡಿದಷ್ಟೂ ಬುಡದಿಂದ ಚಿಗುರುತ್ತದೆ; ರೂಯ್‌ಕ್ರಾನ್ಸ್‌ನ ಬಲಿತ ಮರವನ್ನು ನೆಲಮಟ್ಟಕ್ಕೆ ಕಡಿದರೆ ಕೂಳೆ ಸಾಮಾನ್ಯವಾಗಿ ಚಿಗುರದು. ಮಣ್ಣಿನಲ್ಲಿ ಅದರ ಬೀಜ ಬದುಕಿರುವ ಅವಧಿಯೂ ಸಾಲಿಗ್ನಾದ್ದಕ್ಕಿಂತ ಕಡಿಮೆ. 1995ರಲ್ಲಿ ಸಚಿವ ಕಾದರ್ ಅಸ್ಮಲ್ ಆರಂಭಿಸಿದ, ನಿರುದ್ಯೋಗಿಗಳಿಗೆ ಕೂಲಿ ಕೊಟ್ಟು ವಿದೇಶಿ ಗಿಡ ಕಡಿಸುವ ‘ವರ್ಕಿಂಗ್ ಫಾರ್ ವಾಟರ್’ ಯೋಜನೆಗೆ ಇದು ಹೇಳಿಮಾಡಿಸಿದ ಗಿಡ. ಆದರೆ ಸೌದೆಯವರಿಗೆ ಬೇಕಾದದ್ದು ದಪ್ಪ ಕಾಂಡ. ಎಳೆಯ ಗಿಡಗಳನ್ನು ಬಿಟ್ಟು, ರೆಂಬೆಗಳನ್ನು ಅಲ್ಲೇ ರಾಶಿ ಹಾಕಿ ಹೋಗುತ್ತಾರೆ. ಆ ರಾಶಿಗೆ ಬೆಂಕಿ ಬಿದ್ದರೆ ಕಾವು ನೆಲದೊಳಕ್ಕೆ ಇಳಿದು ಫಿನ್‌ಬೋಸ್‌ನ ಬೀಜಗಳು ಸಾಯುತ್ತವೆ. ಹಾಗಾಗಿ ಮರ ಕಡಿದ ಮೇಲೆ ರೆಂಬೆಯನ್ನು ಹರಡಬೇಕೋ, ಹೊರಗೆ ಸಾಗಿಸಬೇಕೋ, ಯಾವ ಋತುವಿನಲ್ಲಿ ಸುಡಬೇಕೋ ಎಂಬುದನ್ನು ಆಯಾ ದಿಬ್ಬದ ಮೇಲೆಯೇ ನಿಂತು ತೀರ್ಮಾನಿಸಬೇಕಾಗುತ್ತದೆ.