ಧಾರವಾಡ ಸೀಮೆಯ ಮಲೇರಿಯಾ: ಔಷಧಪ್ರತಿರೋಧದ ಐತಿಹಾಸಿಕ ವಿಚಾರ

ಧಾರವಾಡ ಜಿಲ್ಲೆಯ ಪಡುವಣ ಅಂಚಿನ ಕಲಘಟಗಿಗೂ ಮೂಡಣ ಎರೆನಾಡಾದ ನವಲಗುಂದ, ಅಣ್ಣಿಗೇರಿಗಳಿಗೂ ನೆಲ ಬೇರೆ, ಮಳೆ ಬೇರೆ, ಸೊಳ್ಳೆಯೂ ಬೇರೆಯೇ. ತೊರೆಗಳ ತಿಳಿನೀರಿನಲ್ಲಿ ಹುಟ್ಟುವ ಅನೋಫಿಲೀಸ್ ಫ್ಲೂವಿಯಾಟಿಲಿಸ್ ಮಲೆನಾಡ ಸೆರಗಿನದು. ಅದು ಮನುಷ್ಯನ ರಕ್ತವನ್ನು ಅರಸುವುದು. ಬಾವಿ, ಕಾಲುವೆಗಳ ಕ್ಯುಲಿಸಿಫೇಸೀಸ್ ಬಯಲಿನದು. ಅದಕ್ಕೆ ದನಗಳೇ ಹೆಚ್ಚು ಪ್ರಿಯ. ಚಳಿಜ್ವರದ ಉಪಟಳವು ಮಲೆನಾಡಿನಲ್ಲಿ ಬಯಲಿಗಿಂತ ಉಗ್ರವಾಗಿದ್ದುದಕ್ಕೆ ಇದೊಂದು ಕಾರಣ.

ಈ ಚರಿತ್ರೆಯಲ್ಲಿ 1946 ಪ್ರಸಿದ್ಧವಾದ ವರ್ಷ. ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾರವಾರ ಸೀಮೆಯಲ್ಲಿಯೂ ಧಾರವಾಡ ಜಿಲ್ಲೆಯಲ್ಲಿಯೂ ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಮನೆಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸಲಾಯಿತು. 1953ರಲ್ಲಿ ರಾಷ್ಟ್ರೀಯ ನಿಯಂತ್ರಣ ಯೋಜನೆ, 1958ರಲ್ಲಿ ನಿರ್ಮೂಲನ ಯೋಜನೆ ಬಂದವು. 1961ರ ಸುಮಾರಿಗೆ ದೇಶದ ರೋಗಿಗಳ ಸಂಖ್ಯೆ 50,000ಕ್ಕೆ ಇಳಿದಿತ್ತು. 1976ರಲ್ಲಿ ಅದು 64 ಲಕ್ಷವನ್ನು ದಾಟಿತು.

ಸೊಳ್ಳೆಯ ಮೇಲಿನ ಯುದ್ಧದ ವಿವರಗಳು ಸರಕಾರಿ ಕಡತಗಳಲ್ಲಿವೆ. ಔಷಧದ ಕಥೆಗೆ ಇನ್ನೊಂದು ಆಕರವುಂಟು. ಅದು ರೋಗಾಣುವಿನ ವಂಶವಾಹಿ. ನಿರ್ಮೂಲನದ ಕಾಲದಲ್ಲಿ ಕಾರ್ಯಕರ್ತನು ಹದಿನೈದು ದಿನಗಳಿಗೊಮ್ಮೆ ಮನೆಮನೆಗೆ ಬಂದು ಗೋಡೆಯ ಮೇಲೆ ತಾರೀಖು ಬರೆದು ಹೋಗುತ್ತಿದ್ದನು. ಜ್ವರವಿದ್ದವರ ರಕ್ತವನ್ನು ಗಾಜಿನ ಮೇಲೆ ತೆಗೆದುಕೊಂಡು, ಪರೀಕ್ಷೆಯ ಫಲವನ್ನು ಕಾಯದೆ, ಕ್ಲೋರೋಕ್ವಿನ್ ಮಾತ್ರೆಗಳನ್ನು ಒಂದೇ ಸಲಕ್ಕೆ ಕೊಡುತ್ತಿದ್ದನು, ವಯಸ್ಕರಿಗೆ ನಾಲ್ಕು. ಆಡಳಿತದ ದೃಷ್ಟಿಯಿಂದ ಇದು ಸುಲಭವಾದ ಕ್ರಮ. ಆದರೆ ಅಲ್ಪ ಪ್ರಮಾಣದ ಔಷಧಕ್ಕೆ ಬಲಹೀನ ರೋಗಾಣು ಸಾಯುವುದು, ತಡೆದುಕೊಳ್ಳಬಲ್ಲುದು ಉಳಿದು ಬೆಳೆಯುವುದು. 1973ರಲ್ಲಿ ಅಸ್ಸಾಮಿನ ಕಾರ್ಬಿ ಆಂಗ್ಲಾಂಗ್‌ನಲ್ಲಿ ಕ್ಲೋರೋಕ್ವಿನ್‌ಗೆ ಮಣಿಯದ ಫಾಲ್ಸಿಪೇರಮ್ ಭಾರತದಲ್ಲಿ ಮೊದಲ ಬಾರಿಗೆ ಗೋಚರಿಸಿತು.

ಈ ಪ್ರತಿರೋಧದ ಮುಖ್ಯ ಗುರುತು 2000ದಲ್ಲಿ ಪತ್ತೆಯಾಯಿತು. ಪಿ.ಎಫ್.ಸಿ.ಆರ್.ಟಿ. ಎಂಬ ವಂಶವಾಹಿಯು ರೂಪಿಸುವ ಪ್ರೋಟೀನಿನ 76ನೆಯ ಸ್ಥಾನದಲ್ಲಿ ಲೈಸೀನ್ ಇರಬೇಕಾದಲ್ಲಿ ಥ್ರಿಯೊನೀನ್ ಬಂದಿರುತ್ತದೆ. ಶಾಸನದಲ್ಲಿ ಒಂದಕ್ಷರ ತಿದ್ದಿದಂತೆಯೇ ಸರಿ. ನೆರೆಯ ಅಕ್ಷರಗಳು ವಂಶಾವಳಿಯನ್ನು ಹೇಳುತ್ತವೆ: ಈಶಾನ್ಯ ಭಾರತದಲ್ಲಿ ಆಗ್ನೇಯ ಏಷ್ಯದ ಪಾಠ ಪ್ರಬಲ, ಒಳನಾಡಿನಲ್ಲಿ ಪಪುವಾ ನ್ಯೂಗಿನಿಯದನ್ನು ಹೋಲುವ ಪಾಠ ಪ್ರಬಲ. ಆದ್ದರಿಂದ ನಮ್ಮ ನಾಲ್ಕು ಮಾತ್ರೆಗಳೇ ಈ ತಿದ್ದುಪಡಿಯನ್ನು ಹುಟ್ಟಿಸಿದವೆನ್ನುವುದು ಸಾಧುವಲ್ಲ. ಅವು ಅದನ್ನು ಪೋಷಿಸಿದವು ಎಂಬುದೇ ನಮ್ಮ ಅಭಿಪ್ರಾಯ.

ಆಫ್ರಿಕದ ಮಲಾವಿ 1993ರಲ್ಲಿ ಕ್ಲೋರೋಕ್ವಿನ್ನನ್ನು ಕೈಬಿಟ್ಟಿತು. ಹತ್ತು ವರ್ಷಗಳೊಳಗೆ ಅಲ್ಲಿ ಈ ಗುರುತು ಬಹುಮಟ್ಟಿಗೆ ಅಳಿಸಿಹೋಯಿತು. ಭಾರತವು 2010ರಲ್ಲಿ ಫಾಲ್ಸಿಪೇರಮ್‌ಗೆ ದೇಶದಾದ್ಯಂತ ಆರ್ಟಿಸುನೇಟ್ ಸಂಯೋಗವನ್ನು ವಿಧಿಸಿತಾದರೂ ವೈವಾಕ್ಸ್ ಜ್ವರಕ್ಕೆ ಕ್ಲೋರೋಕ್ವಿನ್ ಮುಂದುವರಿಯಿತು. ಎರಡು ರೋಗಾಣುಗಳೂ ಒಂದೇ ಊರಿನಲ್ಲಿ, ಕೆಲವೊಮ್ಮೆ ಒಂದೇ ದೇಹದಲ್ಲಿ ಇರುವುದರಿಂದ ಔಷಧದ ಒತ್ತಡ ತಪ್ಪಲಿಲ್ಲ, ಗುರುತೂ ಅಳಿಯಲಿಲ್ಲ.

ಯಾವ ಔಷಧವು ಬಳಕೆಯಲ್ಲಿತ್ತೆಂಬುದನ್ನು ವಂಶವಾಹಿ ತಿಳಿಸೀತು. ಕುಂದಗೋಳದ ರೈತನು ಜ್ವರ ಬಿಟ್ಟೊಡನೆ ಉಳಿದ ಮಾತ್ರೆಗಳನ್ನು ಗೂಡಿನಲ್ಲಿಟ್ಟನೋ, ನುಂಗಿದನೋ ಎಂಬುದನ್ನು ತಿಳಿಸದು. ಅದಕ್ಕೆ ಆರೋಗ್ಯ ಕೇಂದ್ರಗಳ ಹಳೆಯ ವಹಿಗಳನ್ನೂ, ಗೋಡೆಯ ಮೇಲಿನ ಆ ತಾರೀಖುಗಳನ್ನು ನೆನೆಯಬಲ್ಲ ಹಿರಿಯರನ್ನೂ ಆಶ್ರಯಿಸಬೇಕು. ಶಾಸನಗಳಿಗೆ ಸಲ್ಲುವ ಆದರವು ಈ ವಹಿಗಳಿಗೂ ಸಲ್ಲತಕ್ಕದ್ದು.