ವಿಷವನ್ನೇ ಸಂಕೇತವಾಗಿಸುವ ಬ್ಯಾಕ್ಟೀರಿಯಾ

ಉತ್ಕರ್ಷಣದ ಒತ್ತಡ

ಹೈಡ್ರೋಜನ್ ಪೆರಾಕ್ಸೈಡ್, ಸೂಪರ್‌ಆಕ್ಸೈಡ್ ಮೊದಲಾದ ಉತ್ಕರ್ಷಕಗಳು ಜೀವಕೋಶದ ಡಿಎನ್‌ಎಯನ್ನೂ ಕಬ್ಬಿಣಯುಕ್ತ ಕಿಣ್ವಗಳನ್ನೂ ಕೆಡಿಸುತ್ತವೆ. ಉಸಿರಾಟದ ಉಪೋತ್ಪನ್ನವಾಗಿ ಇವು ಬ್ಯಾಕ್ಟೀರಿಯಾದೊಳಗೇ ಹುಟ್ಟುತ್ತವೆ. ರೋಗಾಣುವನ್ನು ನುಂಗಿದ ಬಿಳಿ ರಕ್ತಕಣಗಳೂ ಇವನ್ನೇ ಆಯುಧವಾಗಿ ಪ್ರಯೋಗಿಸುತ್ತವೆ.

ನಿಯಂತ್ರಣದ ಬಗೆ

ಈ. ಕೋಲೈ ಬ್ಯಾಕ್ಟೀರಿಯಾದಲ್ಲಿ ಆಕ್ಸಿಆರ್ ಎಂಬ ನಿಯಂತ್ರಕ ಪ್ರೋಟೀನು ಇದೆ. ಪೆರಾಕ್ಸೈಡ್ ತಗುಲಿದೊಡನೆ ಅದರ 199 ಮತ್ತು 208ನೆಯ ಸ್ಥಾನಗಳ ಸಿಸ್ಟೀನ್ ಎಂಬ ಅಮೈನೋ ಆಮ್ಲಗಳು ತಮ್ಮ ಗಂಧಕದ ಪರಮಾಣುಗಳ ಮೂಲಕ ಬೆಸೆದುಕೊಳ್ಳುತ್ತವೆ. ಆಕಾರ ಬದಲಾದ ಪ್ರೋಟೀನು ರಕ್ಷಣೆಯ ವಂಶವಾಹಿಗಳನ್ನು ಚುರುಕುಗೊಳಿಸುತ್ತದೆ. ಆಗ ತಯಾರಾಗುವ ಕ್ಯಾಟಲೇಸ್ ಕಿಣ್ವವು ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಜೊತೆಗೇ ತಯಾರಾಗುವ ಗ್ಲುಟರೆಡಾಕ್ಸಿನ್ ಗಂಧಕದ ಬೆಸುಗೆಯನ್ನು ಬಿಡಿಸಿ ಆಕ್ಸಿಆರ್ ಅನ್ನು ಶಾಂತಗೊಳಿಸುತ್ತದೆ. ಎಚ್ಚರಿಕೆಯನ್ನು ನಿಲ್ಲಿಸುವ ಸಾಧನವನ್ನೂ ಎಚ್ಚರಿಕೆಯೇ ತರಿಸುವ ಈ ಏರ್ಪಾಡು ಅಚ್ಚುಕಟ್ಟಾದುದು. ಸೂಪರ್‌ಆಕ್ಸೈಡ್ ಸಂಬಂಧಿತ ಒತ್ತಡಕ್ಕೆ ಸಾಕ್ಸ್‌ಆರ್ ಎಂಬ ಬೇರೊಂದು ಪ್ರೋಟೀನಿದೆ. ಅದರ ಸಂವೇದಕ ಕಬ್ಬಿಣ–ಗಂಧಕದ ಗುಚ್ಛ.

ಕ್ಷಯಾಣುವಿನ ವೈಚಿತ್ರ್ಯ

ಬಿಳಿ ರಕ್ತಕಣದೊಳಗೇ ನೆಲೆಸುವ ಕ್ಷಯಾಣುವಿಗೆ ಈ ರಕ್ಷಣೆ ಅತ್ಯಗತ್ಯವೆಂದು ಯಾರಾದರೂ ಊಹಿಸುತ್ತಾರೆ. ಆದರೆ ಅದರ ಆಕ್ಸಿಆರ್ ವಂಶವಾಹಿಯೇ ಹಾಳಾಗಿದೆ! ಕುಷ್ಠರೋಗಾಣುವಿನಲ್ಲಿ ಅದು ಸುಸ್ಥಿತಿಯಲ್ಲಿದೆ. ಕ್ಷಯಾಣುವಿನಲ್ಲಿ ಫರ್‌ಎ ಎಂಬ ಪ್ರೋಟೀನು ಕ್ಯಾಟಲೇಸ್‌ನ ವಂಶವಾಹಿಯಾದ ಕ್ಯಾಟ್‌ಜಿಯನ್ನು ಅದುಮಿಟ್ಟಿರುತ್ತದೆ. ಪೆರಾಕ್ಸೈಡ್ ಬಂದಾಗ ಆ ಹಿಡಿತ ಸಡಿಲವಾಗುತ್ತದೆ. ಇದರೊಂದಿಗೆ ಮೈಕೋಥಯಾಲ್ ಎಂಬ ಗಂಧಕಯುಕ್ತ ಅಣು ಕೋಶದೊಳಗಿನ ಉತ್ಕರ್ಷಣದ ಸಮತೋಲವನ್ನು ಕಾಯುತ್ತದೆ.

ದೆಹಲಿ ಮತ್ತು ಬೆಂಗಳೂರಿನ ಸಂಶೋಧನೆ

ಈ ಸಮತೋಲವನ್ನು ಜೀವಂತ ಕ್ಷಯಾಣುವಿನೊಳಗೇ ಅಳೆಯುವ ಸಾಧನವೊಂದು ದಕ್ಷಿಣ ದೆಹಲಿಯ ವಸಂತ್ ಕುಂಜ್ ಸಮೀಪದ ಅರುಣಾ ಅಸಫ್ ಅಲಿ ಮಾರ್ಗದಲ್ಲಿರುವ ಐಸಿಜಿಇಬಿ ಎಂಬ ಸಂಶೋಧನಾ ಸಂಸ್ಥೆಯೊಂದಿಗೆ ನಂಟು ಹೊಂದಿದೆ. ಅಲ್ಲಿ ಕೆಲಸಮಾಡಿ, ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಅಮಿತ್ ಸಿಂಗ್ ಅವರ ತಂಡ 2014ರಲ್ಲಿ ಇದನ್ನು ಪ್ರಕಟಿಸಿತು. ಕ್ಷಯಾಣುವಿಗೆ ಸೇರಿಸಿದ ಹೊಳೆಯುವ ಪ್ರೋಟೀನಿನ ಮೇಲೆ 405 ಮತ್ತು 488 ನ್ಯಾನೊಮೀಟರ್ ತರಂಗಾಂತರದ ಬೆಳಕು ಹಾಯಿಸಿ, ಹೊಳಪಿನ ಅನುಪಾತದಿಂದ ಉತ್ಕರ್ಷಣದ ಮಟ್ಟವನ್ನು ತಿಳಿಯಲಾಗುತ್ತದೆ. ಬಿಳಿ ರಕ್ತಕಣಗಳೊಳಗಿನ ಕ್ಷಯಾಣುಗಳೆಲ್ಲ ಒಂದೇ ಸ್ಥಿತಿಯಲ್ಲಿ ಇರುವುದಿಲ್ಲ; ಉತ್ಕರ್ಷಣ ಕಡಿಮೆಯಿರುವ ಗುಂಪು ಔಷಧಗಳನ್ನು ಹೆಚ್ಚು ತಾಳಿಕೊಳ್ಳುತ್ತದೆ.

ಚಿಕಿತ್ಸೆಯ ನಂಟು

1952ರಿಂದ ಬಳಕೆಯಲ್ಲಿರುವ ಐಸೋನಿಯಾಜಿಡ್ ಮಾತ್ರೆ ನೇರವಾಗಿ ಕ್ಷಯಾಣುವನ್ನು ಕೊಲ್ಲಲಾರದು. ಕ್ಯಾಟ್‌ಜಿ ಕಿಣ್ವವೇ ಅದನ್ನು ಸಕ್ರಿಯಗೊಳಿಸಬೇಕು. ಕಿಣ್ವವನ್ನು ಪೂರ್ತಿ ಕಳೆದುಕೊಂಡ ಕ್ಷಯಾಣು ಔಷಧದಿಂದ ಪಾರಾದರೂ ಪೆರಾಕ್ಸೈಡ್‌ಗೆ ಬಲಿಯಾಗುವ ಅಪಾಯವಿದೆ. ಕಿಣ್ವದ 315ನೆಯ ಸ್ಥಾನದ ಅಮೈನೋ ಆಮ್ಲ ಸೆರಿನ್‌ನಿಂದ ಥ್ರಿಯೊನಿನ್ ಆಗಿ ಬದಲಾದರೆ ಔಷಧ ಸಕ್ರಿಯಗೊಳ್ಳುವುದು ಬಹಳ ತಗ್ಗುತ್ತದೆ, ಪೆರಾಕ್ಸೈಡ್ ಒಡೆಯುವ ಶಕ್ತಿ ಸಾಕಷ್ಟು ಉಳಿಯುತ್ತದೆ. ಐಸೋನಿಯಾಜಿಡ್‌ಗೆ ಮಣಿಯದ ಕ್ಷಯಾಣುಗಳಲ್ಲಿ ಅತಿ ಹೆಚ್ಚಾಗಿ ಕಾಣುವ ರೂಪಾಂತರ ಇದೇ.