ಹಂಡೆ ಬೋರಲು ಹಾಕಿದವರ ಲೆಕ್ಕ ಎಲ್ಲಿದೆ?

ಅಮೆರಿಕದ ಧರ್ಮ ಸರಣಿ, ಭಾಗ 3

ಕಳೆದ ಪೋಸ್ಟ್ ಓದಿ ಒಬ್ರು ಡಿಎಂ ಮಾಡಿದ್ರು: "ಬಿಕಾಂ ಓದ್ತಾ ಚರ್ಚ್ ವಿಷಯ ಯಾಕೋ ಮಾರಾಯ?" ಯಾಕಂದ್ರೆ ಇದರೊಳಗೆ ನಮ್ಮ ಸಬ್ಜೆಕ್ಟೂ ಇದೆ.

ಮೊದಲು ಸ್ವಲ್ಪ ಹಿನ್ನೆಲೆ. 1956ರಲ್ಲಿ ಪೆನ್ಸಿಲ್ವೇನಿಯಾದ ಅಬಿಂಗ್ಟನ್ ಹೈಸ್ಕೂಲಲ್ಲಿ ಎಲರಿ ಶೆಂಪ್ ಅನ್ನೋ 16 ವರ್ಷದ ಹುಡುಗ, ಬೆಳಗಿನ ಬೈಬಲ್ ಓದಿನ ಹೊತ್ತಿಗೆ ಕುರಾನ್ ತೆರೆದು ಕೂತ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ದಿನಾ ಬೈಬಲ್‌ನ 10 ವಚನ ಓದಲೇಬೇಕು ಅನ್ನೋ ಕಾನೂನಿತ್ತು. ಅವನ ಮನೆಯವರು ಕೇಸ್ ಹಾಕಿದರು. ಅದು ಸುಪ್ರೀಂ ಕೋರ್ಟ್‌ವರೆಗೂ ಹೋಗಿ 1963ರಲ್ಲಿ ಅವರೇ ಗೆದ್ದರು. ತೀರ್ಪಿನಲ್ಲಿ ಇನ್ನೊಂದು ಮಾತೂ ಇತ್ತು: ಶಾಲೆ ಪ್ರಾರ್ಥನೆ ಮಾಡಿಸೋ ಹಾಗಿಲ್ಲ, ಆದರೆ ಧರ್ಮವನ್ನು ಒಂದು ವಿಷಯವಾಗಿ ಪಾಠ ಮಾಡೋದಕ್ಕೆ ಅಡ್ಡಿಯಿಲ್ಲ. ಆಮೇಲೆ ಅಲ್ಲಿನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಧರ್ಮ ಅಧ್ಯಯನದ ವಿಭಾಗಗಳು ಹೆಚ್ಚುತ್ತಾ ಹೋದವು. ಇತಿಹಾಸದವರು, ಸಮಾಜಶಾಸ್ತ್ರದವರು, ಅರ್ಥಶಾಸ್ತ್ರದವರು, ಎಲ್ಲರೂ ತಮ್ಮ ತಮ್ಮ ಅಳತೆಗೋಲು ಹಿಡ್ಕೊಂಡು ಬಂದರು.

ಈಗ ನಮ್ಮ ಸಬ್ಜೆಕ್ಟಿಗೆ ಬರ್ತೀನಿ. ರೋಜರ್ ಫಿಂಕ್, ರಾಡ್ನಿ ಸ್ಟಾರ್ಕ್ ಅನ್ನೋ ಇಬ್ಬರು ಸಮಾಜಶಾಸ್ತ್ರಜ್ಞರು 1992ರಲ್ಲಿ ಬರೆದ 'ದಿ ಚರ್ಚಿಂಗ್ ಆಫ್ ಅಮೆರಿಕ' ಪುಸ್ತಕದಲ್ಲಿ ಧರ್ಮ ಅಂದ್ರೆ ಒಂದು ಮಾರುಕಟ್ಟೆ. ಸರ್ಕಾರದ ತೆರಿಗೆ ದುಡ್ಡಲ್ಲಿ ನಡೆಯೋ ಚರ್ಚ್ ಸೋಮಾರಿಯಾಗುತ್ತೆ, ಪೈಪೋಟಿ ಇದ್ದರೆ ಚುರುಕಾಗುತ್ತೆ ಅನ್ನೋದು ಅವರ ವಾದ. ಮೆಸಾಚುಸೆಟ್ಸ್‌ನಲ್ಲಿ 1833ರವರೆಗೂ ಅಂಥ ತೆರಿಗೆ ಇತ್ತು! ಅವರ ಅಂದಾಜಿನ ಪ್ರಕಾರ 1776ರಲ್ಲಿ ಕಾಂಗ್ರಿಗೇಷನಲ್ ಚರ್ಚಿನ ಪಾಲು ಶೇ 20, ಮೆಥಡಿಸ್ಟರದು ಬರೀ ಶೇ 2.5. 1850ಕ್ಕೆ ಪೂರ್ತಿ ಉಲ್ಟಾ: ಅವರು ಶೇ 4, ಇವರು ಶೇ 34. ಕಾಂಗ್ರಿಗೇಷನಲ್ ಪಾದ್ರಿಗಳು ಹಾರ್ವರ್ಡ್, ಯೇಲ್‌ನಲ್ಲಿ ಓದಿ ಒಂದೇ ಊರಲ್ಲಿ ನೆಲೆ ನಿಂತವರು. ಮೆಥಡಿಸ್ಟ್ ಬೋಧಕರು ಕಡಿಮೆ ಸಂಬಳಕ್ಕೆ ಕುದುರೆ ಹತ್ತಿ ಹಳ್ಳಿಹಳ್ಳಿ ಸುತ್ತಿದವರು. ಡಿಸ್ಟ್ರಿಬ್ಯೂಷನ್ ಚಾನೆಲ್ ಚಾಪ್ಟರ್ ನೆನಪಾಯ್ತಾ?

ಓದೋಕೆ ಮಜಾ ಇದೆ, ನಂಗೂ ಇಷ್ಟ ಆಯ್ತು. ಆದ್ರೆ 1850ರ ಸೆನ್ಸಸ್ ಎಣಿಸಿದ್ದು ಭಕ್ತರನ್ನಲ್ಲ. ಎಷ್ಟು ಚರ್ಚ್ ಕಟ್ಟಡ, ಒಳಗೆ ಎಷ್ಟು ಜನ ಕೂರಬಹುದು, ಆಸ್ತಿಯ ಬೆಲೆ ಎಷ್ಟು, ಇಷ್ಟೇ. ಸೀಟಿನ ಲೆಕ್ಕದಿಂದ ಜನರ ಲೆಕ್ಕ ಹಾಕಬೇಕು. ಹಾಗಾದ್ರೆ ಸೀಟೇ ಇಲ್ಲದ ಕಡೆ ಪ್ರಾರ್ಥನೆ ಮಾಡಿದವರು?

1978ರಲ್ಲಿ ಇತಿಹಾಸಕಾರ ಆಲ್ಬರ್ಟ್ ರಾಬೊಟೊ 'ಸ್ಲೇವ್ ರಿಲಿಜನ್' ಪುಸ್ತಕದಲ್ಲಿ ಇವರನ್ನೇ ಹುಡುಕಿಕೊಂಡು ಹೋದರು. ಗುಲಾಮರು ಭಾನುವಾರ ಯಜಮಾನರ ಚರ್ಚಿಗೂ ಹೋಗ್ತಿದ್ದರು. ಅಲ್ಲಿ ಎಷ್ಟೋ ಸಲ ಸಿಗ್ತಿದ್ದ ಉಪದೇಶ ಒಂದೇ: ಯಜಮಾನರ ಮಾತು ಕೇಳಿ, ಕದಿಯಬೇಡಿ. ಅದಕ್ಕೇ ರಾತ್ರಿ ಕದ್ದುಮುಚ್ಚಿ ಕಾಡಿನಲ್ಲಿ, ತಗ್ಗಿನಲ್ಲಿ, ಗುಡಿಸಲಲ್ಲಿ ಸೇರ್ತಿದ್ದರು. ಸಿಕ್ಕಿಬಿದ್ದರೆ ಚಾಟಿಯೇಟು. 1831ರಲ್ಲಿ ವರ್ಜೀನಿಯಾದಲ್ಲಿ ನ್ಯಾಟ್ ಟರ್ನರ್ ದಂಗೆ ಎದ್ದ ಮೇಲಂತೂ (ಅವನೂ ಬೋಧಕನೇ) ನಿರ್ಬಂಧ ಇನ್ನೂ ಬಿಗಿಯಾಯ್ತು.

ದೊಡ್ಡ ಕಬ್ಬಿಣದ ಹಂಡೆಯನ್ನು ಬೋರಲು ಹಾಕಿ, ಅದು ದನಿಯನ್ನೆಲ್ಲ ಹಿಡಿದುಕೊಳ್ಳುತ್ತೆ ಅಂತ ನಂಬಿ ಹಾಡ್ತಿದ್ದರಂತೆ. 1930ರ ದಶಕದಲ್ಲಿ ಸರ್ಕಾರದ ಬರಹಗಾರರ ಯೋಜನೆಯವರು ಮಾತಾಡಿಸಿದಾಗ, ಆ ಕಾಲ ಕಂಡ ವೃದ್ಧರು ಒಬ್ಬರಾದ ಮೇಲೊಬ್ಬರು ಈ ಹಂಡೆಯ ವಿಷಯ ಹೇಳಿದ್ದಾರೆ. ಆ 2,300ಕ್ಕೂ ಹೆಚ್ಚು ನೆನಪುಗಳೇ ಇವತ್ತು ದಾಖಲೆ.

ಸೆನ್ಸಸ್‌ನ ಚರ್ಚ್ ಲೆಕ್ಕದಲ್ಲಿ ಆ ಕಾಡಿನ ಪ್ರಾರ್ಥನೆ ಇಲ್ಲ. ಯಜಮಾನನ ಲೆಕ್ಕದ ಪುಸ್ತಕದಲ್ಲಿ ಆ ಜನ ಇದ್ದರು, ಆಸ್ತಿ ಅಂತ, ತಲೆಗಿಷ್ಟು ರೇಟ್ ಸಮೇತ. ಅಸೆಟ್ಸ್ ಕಾಲಂ ಬರೆಯುವಾಗ ನಂಗೆ ಈಗ ಇದು ನೆನಪಾಗುತ್ತೆ.

ಇನ್ನೊಂದು. ಹಂಡೆ ನಿಜವಾಗ್ಲೂ ದನಿ ಹಿಡಿಯುತ್ತಾ? ಫಿಸಿಕ್ಸ್ ಓದೋರು ಕಷ್ಟ ಅಂತೀರ. ರಾಬೊಟೊಗೂ ಈ ಪ್ರಶ್ನೆ ಬಂದಿತ್ತು. ಪಶ್ಚಿಮ ಆಫ್ರಿಕಾದಲ್ಲಿ ಪೂಜೆಗೆ ಬಳಸ್ತಿದ್ದ ಪಾತ್ರೆಗಳ ನೆನಪು ಇದರಲ್ಲಿ ಉಳಿದಿರಬಹುದು, ಹಂಡೆ ಇಟ್ಟಿದ್ದು ರಕ್ಷಣೆಗಾಗಿ ಇರಬಹುದು ಅನ್ನೋ ಸಾಧ್ಯತೆಯನ್ನು ಅವರು ಮುಂದಿಡ್ತಾರೆ. ಅಲ್ಲಿಂದ ಮುಂದಕ್ಕೆ ಮಾನವಶಾಸ್ತ್ರದವರ ಕೆಲಸ. ಅದು ಭಾಗ 4ರಲ್ಲಿ, ಇಂಟರ್ನಲ್ಸ್ ಮುಗಿದ ಮೇಲೆ.